ಎಕ್ಸೈಟ್‌ಬೈಕ್‌ಗೆ ನಮ್ಮ ಕಡೆಯ ಮಣ್ಣು: 24 ಕಿಲೋಬೈಟ್‌ನ ಆಟವೊಂದನ್ನು ತಿದ್ದಿದ ಪ್ರಕರಣ

ನಿಂಟೆಂಡೊ ಸಂಸ್ಥೆ 1984ರ ನವೆಂಬರ್‌ನಲ್ಲಿ ಜಪಾನಿನ ಫ್ಯಾಮಿಕಾಮ್ ಕನ್ಸೋಲ್‌ಗಾಗಿ ಹೊರತಂದ ಎಕ್ಸೈಟ್‌ಬೈಕ್, ಮಣ್ಣಿನ ಹಾದಿಯಲ್ಲಿ ದಿಬ್ಬ ಹಾರಿಸುತ್ತ ಬೈಕ್ ಓಡಿಸುವ ಆಟ. ಶಿಗೆರು ಮಿಯಾಮೊಟೊ ವಿನ್ಯಾಸಗೊಳಿಸಿದ ಈ ಆಟದಲ್ಲಿ ಸಾಧಾರಣ ವೇಗಕ್ಕೆ ಒಂದು ಗುಂಡಿ, ಟರ್ಬೊಗೆ ಇನ್ನೊಂದು. ಟರ್ಬೊ ಗುಂಡಿಯನ್ನು ಒತ್ತಿಯೇ ಹಿಡಿದರೆ ಎಂಜಿನ್ನಿನ ಬಿಸಿ ಏರುತ್ತ ಹೋಗಿ ಬೈಕ್ ನಿಂತುಬಿಡುತ್ತದೆ. ಹಾದಿಯ ಮೇಲೆ ಅಲ್ಲಲ್ಲಿ ಬರುವ ಬಾಣದ ಗುರುತುಗಳನ್ನು ದಾಟಿದರೆ ಆ ಬಿಸಿ ಇಳಿಯುತ್ತದೆ. ಆಟಗಾರ ತನ್ನದೇ ಹಾದಿಯನ್ನು ಕಟ್ಟಿಕೊಳ್ಳುವ ‘ಡಿಸೈನ್’ ವಿಭಾಗವೂ ಇದರಲ್ಲಿದೆ. ನಮ್ಮ ಕಡೆಗೆ ಈ ಆಟ ಬಂದದ್ದು ನಿಂಟೆಂಡೊ ಹೆಸರಿನಲ್ಲಲ್ಲ, ‘ಟಿವಿ ಗೇಮ್’ ಎಂದು ಕರೆಸಿಕೊಂಡ ನಕಲು ಕನ್ಸೋಲ್‌ಗಳ ಕ್ಯಾಸೆಟ್‌ಗಳಲ್ಲಿ, ಹತ್ತಾರು ಬೇರೆ ಆಟಗಳ ಜೊತೆಗೆ.

ಈ ಪ್ರಕರಣ ಹುಬ್ಬಳ್ಳಿಯ ದುರ್ಗದ ಬೈಲಿನ ಸಮೀಪ ಟಿವಿ ದುರಸ್ತಿಯ ಸಣ್ಣ ಅಂಗಡಿ ನಡೆಸುವ ಒಬ್ಬ ಹಿರಿಯ ಕುಶಲಕರ್ಮಿ ಮತ್ತು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿರುವ ಅವರ ಅಣ್ಣನ ಮಗನಿಗೆ ಸಂಬಂಧಿಸಿದ್ದು. ಇಬ್ಬರ ಹೆಸರನ್ನೂ ಇಲ್ಲಿ ಬಿಟ್ಟಿದ್ದೇನೆ. ಅಂಗಡಿಯ ಅಟ್ಟದಲ್ಲಿದ್ದ ಹಳೆಯ ಕನ್ಸೋಲನ್ನು ಕಾಕಾ ದುರಸ್ತಿ ಮಾಡಿ ಒಂದು ಪಿಕ್ಚರ್ ಟ್ಯೂಬ್ ಟಿವಿಗೆ ಜೋಡಿಸಿದ ಮೇಲೆ, ಎಕ್ಸೈಟ್‌ಬೈಕ್ ಅನ್ನು ಕನ್ನಡದ ಆಟವನ್ನಾಗಿ ಮಾಡಬೇಕು ಎಂಬ ಹಂಬಲ ಹುಡುಗನಿಗೆ ಹುಟ್ಟಿತು. ಪರದೆಯ ಮಾತುಗಳೆಲ್ಲ ಕನ್ನಡದಲ್ಲಿರಬೇಕು, ಹಾದಿ ನವಲಗುಂದದ ಎರಿ ಹೊಲದಂತೆ ಕಪ್ಪಗಿರಬೇಕು, ಬೈಕಿನ ಬದಲು ಚಕ್ಕಡಿ, ಅಂದರೆ ಎತ್ತಿನ ಗಾಡಿ, ಓಡಬೇಕು ಎಂಬುದು ಅವನ ಮೊದಲ ಯೋಜನೆ. ಇವುಗಳಲ್ಲಿ ಒಂದು ಪೂರ್ಣವಾಗಿ ಕೈಗೂಡಿತು, ಒಂದು ಬೇರೆ ರೂಪದಲ್ಲಿ ಕೈಗೂಡಿತು, ಇನ್ನೊಂದನ್ನು ಕೈಬಿಡಬೇಕಾಯಿತು. ಆಟವನ್ನು ತಿದ್ದುವ ಕೆಲಸವನ್ನು ಚಿತ್ರ ಬರೆಯುವ ಕೆಲಸವೆಂದು ತಿಳಿದವರು ಈ ವ್ಯತ್ಯಾಸಕ್ಕೆ ಕಾರಣವನ್ನು ಹುಡುಗನ ಕೈಚಳಕದಲ್ಲಿ ಹುಡುಕುತ್ತಾರೆ; ನನ್ನ ಅಭಿಪ್ರಾಯದಲ್ಲಿ ಅದು ಪೂರ್ತಿಯಾಗಿ ಜಾಗದ ಲೆಕ್ಕ.

ಜಾಗ

ಎಕ್ಸೈಟ್‌ಬೈಕ್‌ನ ಒಟ್ಟು ಗಾತ್ರ 24 ಕಿಲೋಬೈಟ್. ಇದರಲ್ಲಿ 16 ಕಿಲೋಬೈಟ್ ಪ್ರೋಗ್ರಾಮ್, 8 ಕಿಲೋಬೈಟ್ ಚಿತ್ರ. ಚಿತ್ರದ ಚಿಪ್ಪಿನಲ್ಲಿ 8×8 ಚುಕ್ಕೆಗಳ 512 ಚೌಕಗಳಿದ್ದು, 256 ಹಿನ್ನೆಲೆಗೂ ಉಳಿದ 256 ಚಲಿಸುವ ಆಕೃತಿಗಳಿಗೂ, ಅಂದರೆ ಸ್ಪ್ರೈಟ್‌ಗಳಿಗೂ ಬಳಕೆಯಾಗುತ್ತವೆ. ಒಂದು ಚೌಕಕ್ಕೆ 16 ಬೈಟ್ ಬೇಕು. ಪ್ರೇಕ್ಷಕರ ಸಾಲು, ಹುಲ್ಲು, ದಿಬ್ಬ, ಅಂಕಿ, ಅಕ್ಷರ ಎಲ್ಲವೂ ಈ ಚೌಕಗಳನ್ನು ಮತ್ತೆ ಮತ್ತೆ ಜೋಡಿಸಿ ಆದವು. ಹೊಸದೊಂದು ಚೌಕ ಬೇಕಾದರೆ ಹಳೆಯದೊಂದನ್ನು ಅಳಿಸಬೇಕು, ಮತ್ತು ಅಳಿಸಿದ ಚೌಕ ಆಟದಲ್ಲಿ ಬೇರೆಲ್ಲಿ ಕಾಣಿಸಿಕೊಳ್ಳುತ್ತದೆ ಎಂಬುದನ್ನು ಮೊದಲೇ ತಿಳಿದಿರಬೇಕು. ಹುಡುಗ ಮೊದಲು ಮಾಡಿದ ಒಳ್ಳೆಯ ಕೆಲಸವೆಂದರೆ ಕನ್ಸೋಲಿನ ಆಟವನ್ನು ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರಿನ ಚೌಕ ವೀಕ್ಷಕವನ್ನು ತೆರೆದಿಟ್ಟು ಆಟದ ಪ್ರತಿಯೊಂದು ಪರದೆಯನ್ನೂ ನೋಡುತ್ತ, ಯಾವ ಚೌಕ ಎಲ್ಲೆಲ್ಲಿ ಬಳಕೆಯಾಗುತ್ತದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಗೀಟು ಹಾಕಿ ಬರೆದುಕೊಂಡದ್ದು. ಆ ಪುಸ್ತಕವನ್ನು ನಾನು ನೋಡಿದ್ದೇನೆ. ಕಿರಾಣಿ ಅಂಗಡಿಯ ಉದ್ದರಿ ಖಾತೆಯಂತೆಯೇ ಇದೆ, ಯಾರ ಜಾಗ ಯಾರ ಹೆಸರಿನಲ್ಲಿದೆ ಎಂಬುದು ಸಾಲುಸಾಲಾಗಿ.

ಅಕ್ಷರ

ಇಂಗ್ಲಿಷ್ ವರ್ಣಮಾಲೆಯ ದೊಡ್ಡಕ್ಷರಗಳು 8×8ರ ಚೌಕದಲ್ಲಿ ಆರಾಮಾಗಿ ಕೂಡುತ್ತವೆ. ಕನ್ನಡದಲ್ಲಿ ಅಂಕಿಗಳು ಮಾತ್ರ ಹಾಗೆ ಕೂಡುತ್ತವೆ: ೦, ೧, ೨ ಮೊದಲಾದ ಹತ್ತನ್ನೂ ಹಳೆಯ ಅಂಕಿಗಳ ಚೌಕಗಳಲ್ಲೇ ಬರೆಯಲಾಯಿತು ಮತ್ತು ಪ್ರೋಗ್ರಾಮಿನ ಒಂದು ಬೈಟನ್ನೂ ಮುಟ್ಟದೆ ಸಮಯ, ಲ್ಯಾಪು ಎಲ್ಲವೂ ಕನ್ನಡ ಅಂಕಿಗೆ ತಿರುಗಿದವು. ಅಕ್ಷರಗಳ ಪಾಡು ಬೇರೆ. ಎಂಟು ಚುಕ್ಕೆ ಎತ್ತರದಲ್ಲಿ ತಲೆಕಟ್ಟಿಗೆ ಒಂದೆರಡು ಸಾಲು ಹೋಗುತ್ತದೆ, ಗುಣಿತದ ಚಿಹ್ನೆ ಅಲ್ಲಿಯೇ ಪಾಲು ಕೇಳುತ್ತದೆ, ಒತ್ತಕ್ಷರಕ್ಕಂತೂ ಏನೂ ಉಳಿಯುವುದಿಲ್ಲ. ದ, ಧ, ಥ ಮೂರನ್ನೂ ಈ ಗಾತ್ರದಲ್ಲಿ ಬರೆದು ನೋಡಿದರೆ ತೊಡಕು ಎಷ್ಟೆಂಬುದು ಗೊತ್ತಾಗುತ್ತದೆ: ಧಕಾರದ ಸೀಳು ಒಂದು ಚುಕ್ಕೆ, ಥಕಾರದ ಒಳಗಿನ ಬೊಟ್ಟು ಇನ್ನೊಂದು ಚುಕ್ಕೆ, ಮತ್ತು ಹಳೆಯ ಟಿವಿಯ ಮಸುಕಿನಲ್ಲಿ ಆ ಎರಡೂ ಚುಕ್ಕೆಗಳು ಕಾಣುವುದೇ ಇಲ್ಲ.

ಇಂಗ್ಲಿಷ್ ಅಕ್ಷರಗಳನ್ನೆಲ್ಲ ಅಳಿಸಿ 26 ಚೌಕಗಳನ್ನು ಗಳಿಸುವ ದಾರಿಯೂ ಸುಲಭವಿರಲಿಲ್ಲ. ಡಿಸೈನ್ ವಿಭಾಗದಲ್ಲಿ ಪ್ರತಿಯೊಂದು ದಿಬ್ಬಕ್ಕೂ ಅಡ್ಡಿಗೂ ಒಂದೊಂದು ಇಂಗ್ಲಿಷ್ ಅಕ್ಷರದ ಗುರುತಿದೆ. ಹೀಗಾಗಿ ಬಹುಪಾಲು ಅಕ್ಷರಗಳ ಜಾಗದಲ್ಲಿ ಒಂದಿಲ್ಲೊಂದು ಗುರುತು ಇರಲೇಬೇಕು. ಅಲ್ಲಿ ಕ, ಖ, ಗ ಎಂದು ವರ್ಣಮಾಲೆಯ ಕ್ರಮದಲ್ಲಿ ಇಡುವುದನ್ನು ಬಿಟ್ಟು, ಒಂದಕ್ಕೊಂದು ಹೋಲದ ಅಕ್ಷರಗಳನ್ನು ಆರಿಸಲಾಯಿತು. ವ ಇದ್ದರೆ ಪ ಇಲ್ಲ, ಡ ಇದ್ದರೆ ಢ ಇಲ್ಲ. ಕ್ರಮ ತಪ್ಪಿದ್ದಕ್ಕೆ ಅಂಗಡಿಗೆ ಬರುವ ಮಕ್ಕಳಾರೂ ತಕರಾರು ಮಾಡಲಿಲ್ಲ.

ಓಟದ ಪರದೆಯಲ್ಲಿ ‘ಟೆಂಪ್’ ಎಂಬ ಇಂಗ್ಲಿಷ್ ಪದ ನಾಲ್ಕು ಚೌಕ ಹಿಡಿಯುತ್ತದೆ, ಅಂದರೆ 32 ಚುಕ್ಕೆ ಅಗಲದ ಒಂದು ಪಟ್ಟಿ. ಅಕ್ಷರಕ್ಕೊಂದು ಚೌಕ ಎಂಬ ಕಟ್ಟಳೆಯನ್ನು ಮರೆತು, ಆ ಪಟ್ಟಿಯನ್ನೇ ಒಂದು ಚಿತ್ರವೆಂದು ಭಾವಿಸಿದರೆ ‘ಬಿಸಿ’ ಎಂಬ ಎರಡಕ್ಷರ ತಲಾ 16 ಚುಕ್ಕೆ ಅಗಲದಲ್ಲಿ ಚೆನ್ನಾಗಿ ಕೂಡುತ್ತದೆ. ‘ಟೈಮ್’ ಇದ್ದಲ್ಲಿ ಇದೇ ಉಪಾಯದಿಂದ ‘ಸಮಯ’ ಬಂದಿತು.

ಮೊದಲ ಪರದೆಯ ಮೆನುವಿಗೆ ಇಷ್ಟು ಸಾಲದು. ಅಲ್ಲಿ ಅಕ್ಷರಗಳು ದೂರದಿಂದ ಓದಿಸಿಕೊಳ್ಳಬೇಕು. 16×16 ಗಾತ್ರವೆಂದರೆ ಅಕ್ಷರವೊಂದಕ್ಕೆ ನಾಲ್ಕು ಚೌಕ. ಇದಕ್ಕೆ ಸಿಎನ್‌ರೋಮ್ ಎಂಬ ಕ್ಯಾಸೆಟ್ ಮಾದರಿಯ ಮೊರೆ ಹೋಗಬೇಕಾಯಿತು. ಮೂಲ ಆಟದ ಎನ್‌ರೋಮ್ ಬೋರ್ಡ್‌ನಲ್ಲಿ ಚಿತ್ರದ ಬ್ಯಾಂಕು, ಅಂದರೆ ಚೌಕಗಳ ಕಟ್ಟು, ಒಂದೇ. ಸಿಎನ್‌ರೋಮ್‌ನಲ್ಲಿ 8 ಕಿಲೋಬೈಟ್‌ನ ಬ್ಯಾಂಕುಗಳನ್ನು ಒಂದರ ಬದಲು ಇನ್ನೊಂದು ಎಂದು ಬದಲಾಯಿಸಬಹುದು. ಮೊದಲ ಪರದೆಗೆ ಒಂದು ಬ್ಯಾಂಕು, ಓಟಕ್ಕೆ ಇನ್ನೊಂದು. ಬದಲಾಯಿಸುವ ಹೊಸ ಕೋಡಿಗೆ ಸ್ಥಳ ಬೇಕೆಂದು ಪ್ರೋಗ್ರಾಮಿನ ಚಿಪ್ಪನ್ನೂ 32 ಕಿಲೋಬೈಟ್‌ಗೆ ಹಿಗ್ಗಿಸಿ, ಮೂಲ ಪ್ರೋಗ್ರಾಮನ್ನು ಮೇಲಿನ ಅರ್ಧದಲ್ಲಿಯೂ ಹೊಸದನ್ನು ಕೆಳಗಿನ ಅರ್ಧದಲ್ಲಿಯೂ ಇಡಲಾಯಿತು. 16 ಕಿಲೋಬೈಟ್‌ನ ಮೂಲ ಬೋರ್ಡ್‌ನಲ್ಲಿ ಕೆಳಗಿನ ಅರ್ಧವೆಂಬುದು ಮೇಲಿನದರ ಪ್ರತಿಬಿಂಬವಷ್ಟೇ ಆಗಿರುವುದರಿಂದ, ಹೀಗೆ ಹಿಗ್ಗಿಸುವ ಮೊದಲು ಮೂಲ ಕೋಡು ಆ ಪ್ರತಿಬಿಂಬವನ್ನು ಎಲ್ಲಿಯಾದರೂ ಓದುತ್ತದೆಯೇ ಎಂದು, ಕೋಡಿನ ನಡೆಯನ್ನು ತೋರಿಸುವ ಡಿಬಗರ್‌ನಲ್ಲಿ ಕಾದು ನೋಡುವುದು ಕಡ್ಡಾಯ.

ಪದಗಳ ಆಯ್ಕೆಯಲ್ಲಿ ನೆರವಾದವರು ಗದಗಿನ ಒಬ್ಬ ಹಿರಿಯರು. ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿ ನಿವೃತ್ತರಾದ ಅವರು ಹುಡುಗನ ಗೆಳೆಯನ ತಂದೆ. ಹುಡುಗ ಮೊದಲು ಬರೆದಿದ್ದ ‘ಸ್ಪರ್ಧೆ’ಯನ್ನು ನೋಡಿ ಅವರು, “ಒತ್ತಿಗೆ ಬ್ಯಾರೆ ಮೊಳಿ, ಅರ್ಕಾವತ್ತಿಗೆ ಬ್ಯಾರೆ ಮೊಳಿ. ನಿನ್ನ ಪೆಟಗ್ಯಾಗ ಜಾಗಾನ ಇಲ್ಲ ಅಂದ ಮ್ಯಾಲ ಒತ್ತಿಲ್ಲದ ಮಾತ ಹುಡುಕಪಾ ತಮ್ಮಾ” ಎಂದರು. ‘ಪೈಪೋಟಿ’ಯನ್ನೂ ಅವರೇ ತೆಗೆಸಿದರು, ಐತ್ವದ ಬಾಲ ಕೆಳಗಿಳಿಯುತ್ತದೆ ಎಂಬ ಕಾರಣಕ್ಕೆ. ಹೀಗೆ ಒಬ್ಬರೇ ಓಡಿಸುವ ‘ಸೆಲೆಕ್ಷನ್ ಎ’ಗೆ ‘ಒಂಟಿ ಓಟ’ ಎಂದೂ ಎದುರಾಳಿಗಳಿರುವ ‘ಸೆಲೆಕ್ಷನ್ ಬಿ’ಗೆ ‘ಜೊತೆ ಓಟ’ ಎಂದೂ ಹೆಸರಾಯಿತು. ‘ಓಟ’ದ ಎಂಟು ಚೌಕಗಳು ಎರಡು ಕಡೆಯೂ ಬಳಕೆಯಾಗುವ ಲಾಭ ಬೇರೆ. ಡಿಸೈನ್‌ಗೆ ‘ರಚನೆ’ ಎಂದಿಟ್ಟರು. ಆಟದ ಮೂಲ ಹೆಸರನ್ನೂ ನಿಂಟೆಂಡೊ ಹೆಸರಿನ ಸಾಲನ್ನೂ ಇದ್ದಂತೆಯೇ ಬಿಟ್ಟದ್ದು ಸರಿಯಾದ ನಿರ್ಧಾರ.

ಮಣ್ಣು

ಬಣ್ಣ ಬದಲಾಯಿಸುವುದು ಎಲ್ಲಕ್ಕಿಂತ ಸುಲಭವೆಂದು ತೋರುತ್ತದೆ, ಏಕೆಂದರೆ ಬಣ್ಣವೊಂದಕ್ಕೆ ಒಂದೇ ಬೈಟ್. ಆದರೆ ಈ ಯಂತ್ರದಲ್ಲಿ ಹಿನ್ನೆಲೆಗೆ ನಾಲ್ಕು ಬಣ್ಣದ ಗುಂಪುಗಳು ಮಾತ್ರ ಇದ್ದು, ಒಂದೊಂದು ಗುಂಪಿನಲ್ಲಿ ಮೂರು ಬಣ್ಣ ಮತ್ತು ಎಲ್ಲಕ್ಕೂ ಸಮಾನವಾದ ಒಂದು ಹಿನ್ನೆಲೆ ಬಣ್ಣ ಇರುತ್ತದೆ. ಮಣ್ಣಿನ ಬಣ್ಣವನ್ನು ಬದಲಿಸಿದರೆ ಅದೇ ಗುಂಪನ್ನು ನಂಬಿಕೊಂಡ ಇತರ ಚೌಕಗಳೂ ಬದಲಾಗುತ್ತವೆ.

ಎರಿ ಮಣ್ಣಿಗಾಗಿ ಹುಡುಗ ಕಪ್ಪನ್ನು ಹುಡುಕಿದಾಗ ಬಣ್ಣದ ಕೋಷ್ಟಕದಲ್ಲಿ ಹಲವು ಕಪ್ಪುಗಳು ಸಿಕ್ಕವು. ಅವುಗಳಲ್ಲಿ 0ಡಿ ಸಂಖ್ಯೆಯದು ಅಪಾಯಕಾರಿ. ಅದು ಉಂಟುಮಾಡುವ ವಿದ್ಯುತ್ ಸಂಕೇತ ಸಾಧಾರಣ ಕಪ್ಪಿನ ಮಟ್ಟಕ್ಕಿಂತಲೂ ಕೆಳಗಿಳಿಯುವುದರಿಂದ, ಕೆಲವು ಟಿವಿಗಳು ಅದನ್ನು ಗೆರೆ ಹೊಂದಿಸುವ ಸಿಂಕ್ ಸಂಕೇತವೆಂದು ತಪ್ಪು ತಿಳಿದು ಚಿತ್ರವನ್ನು ಅಲುಗಾಡಿಸುತ್ತವೆ. ಕಂಪ್ಯೂಟರಿನ ಪರದೆಯಲ್ಲಿ ಈ ದೋಷ ಕಾಣುವುದೇ ಇಲ್ಲ. ಟಿವಿಯ ಒಳಗನ್ನು ಬಲ್ಲ ಕಾಕಾ ಇದನ್ನು ಕೂಡಲೇ ಗುರುತಿಸಿ 0ಎಫ್ ಬಳಸುವಂತೆ ಹೇಳಿದರು.

ಸುರಕ್ಷಿತವಾದ ಕಪ್ಪು ಸಿಕ್ಕರೂ ಆಟ ಕೆಟ್ಟಿತು. ಹಾದಿಯ ಮೇಲಿನ ಕೆಸರಿನ ತೇಪೆಗಳು ಬೈಕನ್ನು ನಿಧಾನಗೊಳಿಸುತ್ತವೆ. ಆಟಗಾರ ಅವನ್ನು ದೂರದಿಂದಲೇ ಕಂಡು ಬೇರೆ ಸಾಲಿಗೆ ಸರಿಯಬೇಕು. ಇಡೀ ಹಾದಿಯೇ ಕಪ್ಪಾದಾಗ ಕೆಸರು ಕಾಣದಾಯಿತು, ಚಕ್ರಗಳ ಕಪ್ಪು ಅಂಚೂ ಮಣ್ಣಿನಲ್ಲಿ ಕರಗಿತು. ಕಡು ಕಂದುಬಣ್ಣದ 07 ಹಾಕಿದರೂ ಟ್ಯೂಬ್ ಟಿವಿಯಲ್ಲಿ ಅದು ಕಪ್ಪಿನಿಂದ ಬೇರೆಯಾಗಿ ನಿಲ್ಲಲಿಲ್ಲ. ಕೊನೆಗೆ ಹಾದಿಗೆ 17ರ ಕಂದುಬಣ್ಣವನ್ನು ಕೊಟ್ಟು, ಕೆಸರಿಗೆ ಮಾತ್ರ ಕಪ್ಪನ್ನು ಉಳಿಸಿಕೊಂಡರು. ಧಾರವಾಡದ ಪಶ್ಚಿಮಕ್ಕೆ ಮಸಾರಿಯ ಕೆಂಪು ಮಣ್ಣು, ಪೂರ್ವಕ್ಕೆ ಎರಿಯ ಕಪ್ಪು ಮಣ್ಣು ಎಂಬ ನಮ್ಮ ಜಿಲ್ಲೆಯ ನೆಲದ ಹಂಚಿಕೆ ಹೀಗೆ ಒಂದೇ ಹಾದಿಯಲ್ಲಿ ಬಂದುಬಿಟ್ಟಿತು: ಓಡುವುದು ಮಸಾರಿಯ ಮೇಲೆ, ಸಿಕ್ಕಿಬೀಳುವುದು ಎರಿಯಲ್ಲಿ. ಮಳೆಗಾಲದಲ್ಲಿ ಎರಿ ಹೊಲದೊಳಗೆ ಬೈಕ್ ತಂದವರಿಗೆ ಇದರ ಔಚಿತ್ಯವನ್ನು ವಿವರಿಸಬೇಕಿಲ್ಲ. ಮೂಲ ಯೋಜನೆಗಿಂತ ಇದೇ ಉತ್ತಮವೆಂದು ನನಗನಿಸುತ್ತದೆ.

ಚಕ್ಕಡಿ

ಚಕ್ಕಡಿಯ ಕಲ್ಪನೆಗೆ ಒಂದು ತರ್ಕವಿತ್ತು. ಖಾಲಿ ಚಕ್ಕಡಿ ಓಡಿಸುವ ಸ್ಪರ್ಧೆ ನಮ್ಮ ಹಳ್ಳಿಗಳಲ್ಲಿ ಹೊಸದಲ್ಲ, ಮತ್ತು ಟರ್ಬೊ ಹಿಡಿದರೆ ಎಂಜಿನ್ ಕಾಯುವ ಬದಲು ಎತ್ತುಗಳು ದಣಿಯುತ್ತವೆ ಎಂದರೆ ಆಟದ ನಿಯಮ ಒಂದಿಷ್ಟೂ ಕದಲುವುದಿಲ್ಲ. ತಡೆದದ್ದು ಯಂತ್ರ. ಈ ಕನ್ಸೋಲಿನ ಚಿತ್ರ ಚಿಪ್ಪು ಪರದೆಯ ಒಂದು ಅಡ್ಡ ಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಸ್ಪ್ರೈಟ್ ಚೌಕಗಳನ್ನು ತೋರಿಸಲಾರದು. ಒಂಬತ್ತನೆಯದು ಆ ಗೆರೆಯಲ್ಲಿ ಕಾಣದೆ ಹೋಗುತ್ತದೆ. ಎತ್ತುಗಳು ಎತ್ತುಗಳೆಂದೂ ಗಾಡಿ ಗಾಡಿಯೆಂದೂ ಗುರುತು ಸಿಗುವಂತೆ ಹುಡುಗ ಬರೆದ ಚಿತ್ರ 40 ಚುಕ್ಕೆ ಅಗಲವಿತ್ತು, ಅಂದರೆ ಐದು ಚೌಕ. ಜೊತೆ ಓಟದಲ್ಲಿ ಎರಡು ಚಕ್ಕಡಿಗಳು ಪಕ್ಕಪಕ್ಕಕ್ಕೆ ಬಂದೊಡನೆ ಹತ್ತು ಚೌಕಗಳಾಗಿ, ಹಿಂದಿನ ಚಕ್ಕಡಿಯ ಗಾಲಿಯೋ ಮುಂದಿನದರ ಎತ್ತಿನ ಮುಖವೋ ಮಾಯವಾಗುತ್ತಿತ್ತು. ಸ್ಪ್ರೈಟ್‌ಗಳ ಸರದಿಯನ್ನು ಪ್ರತಿ ಫ್ರೇಮಿಗೂ, ಅಂದರೆ ಪರದೆಯ ಚಿತ್ರ ಹೊಸದಾಗಿ ಮೂಡುವ ಪ್ರತಿ ಬಾರಿಯೂ, ಬದಲಿಸಿದರೆ ಮಾಯವಾಗುವ ಬದಲು ಮಿನುಗುತ್ತದೆ; ಆದರೆ ಮೂರು ಚಕ್ಕಡಿ ಕೂಡಿದಲ್ಲಿ ಅದೂ ನೋಡುವಂತಿರಲಿಲ್ಲ. ಇದರ ಮೇಲೆ, ಬೈಕ್ ಮುಂದಕ್ಕೂ ಹಿಂದಕ್ಕೂ ವಾಲುವ, ನೆಲಕ್ಕೆ ಬಿದ್ದು ಉರುಳುವ ಪ್ರತಿಯೊಂದು ಭಂಗಿಗೂ ಬೇರೆ ಬೇರೆ ಚೌಕಗಳಿವೆ. ಎತ್ತಿನ ಜೋಡಿಗೆ ಆ ಭಂಗಿಗಳನ್ನೆಲ್ಲ ಬರೆಯಲು 256 ಚೌಕ ಎಲ್ಲಿಯೂ ಸಾಲುವುದಿಲ್ಲ, ಮತ್ತು ಎತ್ತುಗಳು ಗಾಳಿಯಲ್ಲಿ ಗಿರಕಿ ಹೊಡೆಯುವುದನ್ನು ನೋಡುವ ಮನಸ್ಸು ಯಾರಿಗೂ ಇರಲಿಲ್ಲ. ಸವಾರನ ತಲೆಗೆ ಕೆಂಪು ಪಟಕಾ ಸುತ್ತುವುದರೊಂದಿಗೆ ಈ ಅಧ್ಯಾಯ ಮುಗಿಯಿತು. “ಹೆಲ್ಮೆಟ್ ತಗದಿ, ಪೊಲೀಸರು ಹಿಡಿತಾರ ನೋಡು” ಎಂದು ಕಾಕಾ ನಕ್ಕರು.

ವೇಗ

ಯಾರೂ ಯೋಜಿಸಿರದ ಪ್ರಶ್ನೆಯೊಂದು ನಡುವೆ ಎದ್ದಿತು. ಹುಡುಗ ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ಓಡಿಸಿ ತೋರಿಸಿದಾಗ ಕಾಕಾ, “ತಮ್ಮಾ, ಇದು ಭಾಳ ಜೋರ ಓಡಾಕತ್ತೈತಿ. ನಮ್ಮ ಡಬ್ಬ್ಯಾಗ ಹಿಂಗ ಇರಲಿಲ್ಲ” ಎಂದರು. “ಇಲ್ಲ ಕಾಕಾ, ಇದ ಖರೇ ಸ್ಪೀಡ್ ರೀ” ಎಂಬುದು ಹುಡುಗನ ಉತ್ತರ. ಇಬ್ಬರ ಮಾತೂ ನಿಜ. ಜಪಾನಿನ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ ಸುಮಾರು 60 ಫ್ರೇಮು. ನಮ್ಮ ಪಾಲ್ ಪದ್ಧತಿಯಲ್ಲಿ 50. ಆಟದ ಎಲ್ಲ ಚಲನೆಯೂ ಫ್ರೇಮಿಗೊಮ್ಮೆ ಎಂಬ ಲೆಕ್ಕದಲ್ಲಿ ನಡೆಯುವುದರಿಂದ, ಅಲ್ಲಿ ಒಂದು ನಿಮಿಷ ಹಿಡಿಯುವ ಓಟ ಇಲ್ಲಿ 72 ಸೆಕೆಂಡ್ ಹಿಡಿಯುತ್ತದೆ. ಪರದೆಯ ಗಡಿಯಾರವೂ ಫ್ರೇಮುಗಳನ್ನೇ ಎಣಿಸುವುದರಿಂದ ಅದರಲ್ಲಿ ವ್ಯತ್ಯಾಸ ತಿಳಿಯುವುದಿಲ್ಲ, ಆಟಗಾರನ ಬೆರಳಿಗೆ ಮಾತ್ರ ತಿಳಿಯುತ್ತದೆ.

ಇಲ್ಲಿ ಯಾವುದನ್ನು ಮೂಲವೆಂದು ಕರೆಯಬೇಕು? ವಿನ್ಯಾಸಕಾರನ ಉದ್ದೇಶ 60 ಎಂಬುದರಲ್ಲಿ ಸಂಶಯವಿಲ್ಲ. ಆದರೆ ಇದು ಹುಬ್ಬಳ್ಳಿಯ ಟಿವಿ ಗೇಮಿನ ನೆನಪಿಗಾಗಿ ಮಾಡಿದ ಆವೃತ್ತಿ. ಇಲ್ಲಿನವರು ದಿಬ್ಬ ಹಾರಿಸಿ ಇಳಿಯುವಾಗ ಚಕ್ರಗಳನ್ನು ನೆಲಕ್ಕೆ ಹೊಂದಿಸುವ ಅಂದಾಜನ್ನು ಕಲಿತದ್ದು 50ರಲ್ಲಿ. ಆದ್ದರಿಂದ ಎಮ್ಯುಲೇಟರಿಗೆ ಆಟದ ವಿವರ ಹೇಳುವ, ಫೈಲಿನ ಆರಂಭದ 16 ಬೈಟ್‌ಗಳ ತಲೆಬರಹವನ್ನು ‘ಎನ್‌ಇಎಸ್ 2.0’ ಮಾದರಿಗೆ ತಂದು, ಅದರ ಟಿವಿ ಪದ್ಧತಿಯ ಬೈಟಿನಲ್ಲಿ 3 ಎಂದು ಬರೆಯಲಾಯಿತು. 50 ಫ್ರೇಮಿನ ನಕಲು ಕನ್ಸೋಲುಗಳ ಗುರುತು ಅದು. ಅದನ್ನು ಓದಬಲ್ಲ ಎಮ್ಯುಲೇಟರುಗಳು ತಾವೇ ವೇಗ ಇಳಿಸಿಕೊಳ್ಳುತ್ತವೆ; ಬೇಡವಾದವರು ಕೈಯಿಂದ ಬದಲಿಸಿಕೊಳ್ಳಬಹುದು.

ಗದಗಿನಿಂದ ಬಂದ ದೂರು

ಆಟದ ಹಕ್ಕು ನಿಂಟೆಂಡೊದ್ದು. ಕಾನೂನುಬದ್ಧವಾಗಿ ಪ್ರತಿ ಹೊಂದಿದವನು ತನ್ನ ಬಳಕೆಗೆ ಪ್ರೋಗ್ರಾಮನ್ನು ಮಾರ್ಪಡಿಸಿಕೊಳ್ಳಲು, ಬ್ಯಾಕಪ್ ಮಾಡಿಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು ಸೀಮಿತ ಅವಕಾಶ ಕೊಡುತ್ತದೆ. ಇಡೀ ಆಟವನ್ನು ಊರಿಗೆಲ್ಲ ಹಂಚುವ ಅವಕಾಶ ಅದರಲ್ಲಿಲ್ಲ. ಆದ್ದರಿಂದ ಬದಲಾದ ಬೈಟುಗಳಷ್ಟನ್ನೇ ಹೊತ್ತ ಪ್ಯಾಚ್ ಫೈಲನ್ನು ಗೆಳೆಯರಿಗೆ ಕಳಿಸಲಾಯಿತು. ಅಂಕಿ ಮತ್ತು ಚಿತ್ರಗಳನ್ನಷ್ಟೇ ಬದಲಿಸಿದ್ದ ಆರಂಭದ ಪ್ಯಾಚು ಐಪಿಎಸ್ ಮಾದರಿಯದು.

ಗದಗಿನ ಗೆಳೆಯನಿಂದ ವಿಚಿತ್ರವಾದ ದೂರು ಬಂತು: ಆಟ ಓಡುತ್ತದೆ, ಆದರೆ ಅಂಕಿಗಳೆಲ್ಲ ಒಂದು ಹೆಚ್ಚಿಗೆ ತೋರಿಸುತ್ತವೆ, ಸೊನ್ನೆ ಇರಬೇಕಾದಲ್ಲಿ ೧, ಮೂರು ಇರಬೇಕಾದಲ್ಲಿ ೪. ಹುಡುಗ ಪ್ಯಾಚನ್ನು ತಯಾರಿಸಿದ್ದು ಕ್ಯಾಸೆಟ್ಟಿನಿಂದ ನೇರವಾಗಿ ತೆಗೆದ, ತಲೆಬರಹವಿಲ್ಲದ ಫೈಲಿನ ಮೇಲೆ. ಗೆಳೆಯ ಅದನ್ನು ಹಚ್ಚಿದ್ದು 16 ಬೈಟ್ ತಲೆಬರಹವಿದ್ದ ಫೈಲಿಗೆ. ಒಂದು ಚೌಕದ ಗಾತ್ರವೂ 16 ಬೈಟೇ ಆದ್ದರಿಂದ, ಪ್ರತಿಯೊಂದು ಹೊಸ ಚೌಕವೂ ಸರಿಯಾಗಿ ಒಂದು ಮನೆ ಹಿಂದಕ್ಕೆ ಕುಳಿತಿತ್ತು. ಪ್ಯಾಚಿನಲ್ಲಿ ಚಿತ್ರ ಚಿಪ್ಪಿನ ಮೊಟ್ಟಮೊದಲ ಚೌಕವೂ ಬದಲಾಗಿದ್ದರೆ ಅದು ಪ್ರೋಗ್ರಾಮಿನ ಕೊನೆಯ 16 ಬೈಟುಗಳ ಮೇಲೆ ಹೋಗಿ ಕೂಡುತ್ತಿತ್ತು. ಯಂತ್ರ ಚಾಲೂ ಆದಾಗ ಎಲ್ಲಿಂದ ಆರಂಭಿಸಬೇಕೆಂಬ ವಿಳಾಸ ಇರುವುದೇ ಅಲ್ಲಿ, ಆದ್ದರಿಂದ ಆಟ ತೆರೆಯುತ್ತಲೇ ಇರಲಿಲ್ಲ. ಐಪಿಎಸ್ ಮಾದರಿಗೆ ತಾನು ಸರಿಯಾದ ಫೈಲಿನ ಮೇಲಿದ್ದೇನೆಯೇ ಎಂದು ಪರೀಕ್ಷಿಸುವ ಶಕ್ತಿ ಇಲ್ಲ. ಮೂಲ ಫೈಲಿನ ಚೆಕ್‌ಸಮ್ಮನ್ನು, ಅಂದರೆ ಅದರ ಬೈಟುಗಳಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆಯನ್ನು, ತನ್ನೊಳಗೆ ಇಟ್ಟುಕೊಳ್ಳುವ ಬಿಪಿಎಸ್ ಮಾದರಿಗೆ ಬದಲಾದ ನಂತರ ತಪ್ಪು ಫೈಲಿಗೆ ಹಚ್ಚಲು ಹೋದರೆ ಅದೇ ನಿರಾಕರಿಸುತ್ತದೆ.

ಕ್ಯಾಸೆಟ್

ಕಾಕಾನ ಪಾಲಿನ ಕೆಲಸ ಕೊನೆಯದು. ಅಗ್ಗದ ಕ್ಯಾಸೆಟ್ಟುಗಳನ್ನು ಬಿಚ್ಚಿದರೆ ಒಳಗೆ ಕಪ್ಪು ಅಂಟು ಸುರಿದು ಮುಚ್ಚಿದ ಚಿಪ್ಪು ಕಾಣುತ್ತದೆ. ಅದನ್ನು ತೆಗೆದು ಬೇರೆ ಹಾಕಲಾಗದು. ಕಾಲುಗಳಿರುವ ಚಿಪ್ಪಿನ ಹಳೆಯ 60 ಪಿನ್ನಿನ ಬೋರ್ಡೊಂದನ್ನು ಹುಡುಕಿ, ಪ್ರೋಗ್ರಾಮಿಗೆ 27ಸಿ256, ಚಿತ್ರಕ್ಕೆ 27ಸಿ128 ಇಪ್ರೋಮ್‌ಗಳನ್ನೂ (ನಾವೇ ಬರೆಯಬಹುದಾದ ಮೆಮೊರಿ ಚಿಪ್ಪುಗಳು) ಬ್ಯಾಂಕು ಬದಲಿಸಲು 74ಎಚ್‌ಸಿ161 ಚಿಪ್ಪನ್ನೂ ಕೂಡಿಸಿದರು. ಕಂಪ್ಯೂಟರಿನಲ್ಲಿ ಕುಂದಿಲ್ಲದೆ ಓಡಿದ ಆಟ ಟಿವಿಯಲ್ಲಿ ಮೊದಲ ಪರದೆಯ ಅಕ್ಷರಗಳ ಬದಲು ಹುಲ್ಲು, ಪ್ರೇಕ್ಷಕರ ತುಂಡುಗಳನ್ನು ತೋರಿಸಿತು. ಬೆಸುಗೆಯ ದೋಷವೆಂದು ಕಾಕಾ ಮತ್ತೆ ಮತ್ತೆ ತಪಾಸಿಸಿದರು, ದೋಷ ಅಲ್ಲಿರಲಿಲ್ಲ. ಸಿಎನ್‌ರೋಮ್‌ನಲ್ಲಿ ಬ್ಯಾಂಕಿನ ಸಂಖ್ಯೆಯನ್ನು ಬರೆಯುವುದು ಪ್ರೋಗ್ರಾಮ್ ಚಿಪ್ಪಿನ ವಿಳಾಸಕ್ಕೇ. ಬರೆಯುವ ಕ್ಷಣದಲ್ಲಿ ಆ ಚಿಪ್ಪೂ ತನ್ನೊಳಗಿನ ಬೈಟನ್ನು ಅದೇ ತಂತಿಗಳ ಮೇಲೆ ಇಡುತ್ತದೆ, ಮತ್ತು ಎರಡರ ಜಗ್ಗಾಟದಲ್ಲಿ ಸಾಮಾನ್ಯವಾಗಿ ಸೊನ್ನೆಯೇ ಗೆಲ್ಲುತ್ತದೆ. ಹುಡುಗ 1 ಎಂದು ಬರೆದ ವಿಳಾಸದಲ್ಲಿ ಸೊನ್ನೆಯಿತ್ತು. ಹೊಸ ಕೋಡಿನಲ್ಲಿ 0, 1 ಎಂಬ ಎರಡು ಬೈಟುಗಳ ಸಣ್ಣ ಕೋಷ್ಟಕವಿಟ್ಟು, ಯಾವ ಸಂಖ್ಯೆ ಬೇಕೋ ಅದೇ ಸಂಖ್ಯೆ ಇರುವ ವಿಳಾಸಕ್ಕೆ ಬರೆಯುವಂತೆ ಮಾಡಿದಾಗ ತೊಂದರೆ ನಿಂತಿತು. ತಲೆಬರಹದ ಉಪಮಾದರಿ ಸಂಖ್ಯೆಯನ್ನು 2 ಎಂದು ಗುರುತಿಸಿದರೆ ಉತ್ತಮ ಎಮ್ಯುಲೇಟರುಗಳು ಈ ಜಗ್ಗಾಟವನ್ನೂ ಅನುಕರಿಸುತ್ತವೆ. ಅದನ್ನು ಮೊದಲೇ ಮಾಡಿದ್ದರೆ ಕಾಕಾನ ತಪಾಸಣೆ ತಪ್ಪುತ್ತಿತ್ತು.

ಉಳಿದಿರುವುದು ‘ಸೇವ್’ ಮತ್ತು ‘ಲೋಡ್’. ಮೂಲದಲ್ಲಿ ಇವು ಜಪಾನಿನಲ್ಲಿ ಮಾತ್ರ ಮಾರಾಟವಾದ ಟೇಪ್ ರೆಕಾರ್ಡರ್ ಉಪಕರಣಕ್ಕಾಗಿ ಇದ್ದವು; ನಮ್ಮ ಕನ್ಸೋಲುಗಳಲ್ಲಿ ಅವನ್ನು ಒತ್ತಿ ಯಾರೂ ಏನೂ ಪಡೆದಿಲ್ಲ. ಈಗಿನ ಪ್ಯಾಚಿನಲ್ಲಿ ಆ ಎರಡು ಸಾಲುಗಳನ್ನು ಖಾಲಿ ಬಿಡಲಾಗಿದೆ, ಮಕ್ಕಳು ಕಟ್ಟಿದ ಹಾದಿ ಅಂಗಡಿ ಮುಚ್ಚುವಾಗ ಅಳಿಸಿಹೋಗುತ್ತದೆ. ಬ್ಯಾಟರಿಯೊಂದಿಗೆ 8 ಕಿಲೋಬೈಟ್ ರಾಮ್ ಇಡಬಹುದಾದ ಎಂಎಂಸಿ1 ಮಾದರಿಯ ಬೋರ್ಡ್‌ಗೆ ಹೋದರೆ ಹಾದಿಗಳನ್ನು ಉಳಿಸಬಹುದು, ಬ್ಯಾಂಕು ಬದಲಿಸುವ ಕೋಡನ್ನು ಮಾತ್ರ ಹೊಸದಾಗಿ ಬರೆಯಬೇಕು. ಇಷ್ಟಕ್ಕಾಗಿ ಇನ್ನೊಂದು ಬೋರ್ಡ್ ಹಾಳು ಮಾಡುವುದು ಬೇಡ ಎಂಬುದು ಕಾಕಾನ ಮತ. ನಾನು ಹುಡುಗನ ಪರ. ಅವನು ಎಂಎಂಸಿ1 ಚಿಪ್ಪಿರುವ ಕೆಟ್ಟ ಕ್ಯಾಸೆಟ್ಟೊಂದನ್ನು ಹುಡುಕುತ್ತಿದ್ದಾನೆ.